ಗುಬ್ಬಿಗೂಡಿನ ಕೆಳಗಿನ ಬಾಗಿಲು

ಫೆಬ್ರವರಿ 18, ಭಾನುವಾರ, ಬೆಳಿಗ್ಗೆ ಏಳು ಗಂಟೆ ಐವತ್ತು ನಿಮಿಷ. ಆ ಮನುಷ್ಯನನ್ನು ನಾನು ಮೊದಲು ನೋಡಿದ್ದು ಆಗ.

ಪುಣೆಯ ಹಡಪಸರದಲ್ಲಿ ನಾವಿರುವ ಕಟ್ಟಡದ ಹಿಂದೆ, ಕಾಲುವೆಯ ಪಕ್ಕ, ತಗಡಿನ ಮನೆಗಳ ಒಂದು ಸಾಲಿದೆ. ಅಲ್ಲಿರುವವರು ಹೆಚ್ಚಾಗಿ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಕೊನೆಯ ಮನೆಯ ದೊಡ್ಡವ್ವ ಸಿಮೆಂಟು ಹೊರುವುದನ್ನು ಬಿಟ್ಟ ಮೇಲೆ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ನಮಗೆ ಬಂಧುವಲ್ಲ, ಸಾಲಿನವರೆಲ್ಲ ಹಾಗೆ ಕರೆಯುತ್ತಾರೆ, ನಾವೂ ಕರೆಯುತ್ತೇವೆ. ಭಾನುವಾರ ಅವಳಲ್ಲಿಂದ ರೊಟ್ಟಿ ತರುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ.

ನನಗೂ ಫೋಟೋದ ಹುಚ್ಚು ಇರುವುದರಿಂದ ಮೊದಲು ಕ್ಯಾಮೆರಾ ನೋಡುತ್ತೇನೆ, ಆಮೇಲೆ ಮುಖ. ಆ ಮನುಷ್ಯನದು ಮೊಳದುದ್ದದ ಲೆನ್ಸು. ಕ್ಯಾಮೆರಾದ ಮೇಲೆ ಕಂಪನಿಯ ಹೆಸರಿರುವ ಜಾಗಕ್ಕೆ ಕಪ್ಪು ಟೇಪು ಅಂಟಿಸಿದ್ದರು. ಮುಖ ಐವತ್ತರ ಆಸುಪಾಸಿನದು, ಬಿಸಿಲಿಗೆ ಬಣ್ಣ ಹೋದ ಟೊಪ್ಪಿಗೆಯ ಕೆಳಗೆ. ಲೆನ್ಸಿನ ಮೂತಿ ನೇರ ದೊಡ್ಡವ್ವನ ಬಾಗಿಲ ಕಡೆಗಿತ್ತು. ನನ್ನ ಡೈರಿಯ ಅಂದಿನ ಪುಟದಲ್ಲಿ ಬರೆದಿದ್ದೇನೆ: "ಹೆಸರು ಮುಚ್ಚಿದ್ದಾರೆ. ಏಕೆ?"

ದೊಡ್ಡವ್ವ ತನ್ನ ಬಾಗಿಲಿಗೆ ಬೀಗ ಹಾಕಿ, ಪಕ್ಕದ ಮನೆಯ ಒಲೆಯ ಮುಂದೆ ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದಳು.

"ನೋಡಿದೇನು ತಂಗಿ? ಹೋದ ವಾರಾನೂ ಬಂದಿದ್ದ. ಸರಕಾರದಾಂವ ಇರಬೇಕು."

"ಸರಕಾರದವ್ರು ಭಾನುವಾರ ಬರ್ತಾರೇನ್ ದೊಡ್ಡವ್ವ?"

"ಕೆಡವೂದಿದ್ರ ಸೂಟಿ ದಿನಾನೂ ಬರ್ತಾರ. ನಿನಗೇನ್ ಗೊತ್ತು."

ಅವಳಿಗೆ ಗೊತ್ತಿತ್ತು. ಇಲ್ಲಿಗೆ ಬರುವ ಮೊದಲು ಪುಣೆಯ ಇನ್ನೊಂದು ತುದಿಯಲ್ಲಿದ್ದಳು. "ಮೊದಲ ಒಬ್ಬಾಂವ ಬಂದು ಫೋಟೋ ಹೊಡಕೊಂಡು ಹೋದ. ಆಮ್ಯಾಲ ಬಾಗಲಕ್ಕ ನಂಬರ್ ಬರದ್ರು. ಆಮ್ಯಾಲ ಬುಲ್ಡೋಜರ್." ಅಂದಿನಿಂದ ಅವಳ ನಿಯಮ ಒಂದೇ: ಕ್ಯಾಮೆರಾ ಕಂಡರೆ ಬಾಗಿಲಿಗೆ ಬೀಗ. ಒಳಗೆ ಸಾಮಾನಿರುವ, ಬೀಗ ಬಿದ್ದಿರುವ ಮನೆಯನ್ನು ಕೆಡವಲು ಅವರು ಹೆದರುತ್ತಾರೆ ಎಂದು ಅವಳ ನಂಬಿಕೆ. ನನಗೂ ಮನೆಯ ಫೋಟೋ ತೆಗೆಯಲು ಬಿಟ್ಟವಳಲ್ಲ. "ರೊಟ್ಟಿದು ತಕ್ಕೋ, ಬೇಕಾದ್ರ ನನ್ನ ಕೈದು ತಕ್ಕೋ. ಬಾಗಲಾ ಬ್ಯಾಡ." ಹಾಗಾಗಿ ನನ್ನ ಬಳಿ ಇರುವುದೆಲ್ಲ ಹಿಟ್ಟು ಮೆತ್ತಿದ ಎರಡು ಕೈಗಳು, ಒಲೆಯ ಮೇಲಿನ ಹಂಚು, ಉಬ್ಬಿದ ರೊಟ್ಟಿ.

ತಿಂಗಳಿಗೊಮ್ಮೆ ಸೇರುವ ನಮ್ಮ ಹವ್ಯಾಸಿಗಳ ಗುಂಪಿನಲ್ಲಿ ಆ ಮನುಷ್ಯನ ವಿಷಯ ಎತ್ತಿದೆ. ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದರ ಚಾಳಿ. ಬ್ಯಾಂಕಿನಲ್ಲಿರುವ ಒಬ್ಬರು ಹಿನ್ನೀರಿನ ರಾಜಹಂಸ ಬಿಟ್ಟು ಬೇರೇನೂ ತೆಗೆಯುವುದಿಲ್ಲ. ಒಬ್ಬಾಕೆ ಕಬ್ಬಿನ ಹಂಗಾಮು ಬಂತೆಂದರೆ ಬಾರಾಮತಿ ರಸ್ತೆಯಲ್ಲಿ ಎತ್ತಿನ ಗಾಡಿಗಳಿಗೆ ಕಾಯುತ್ತಾಳೆ. ಇಬ್ಬರೂ ಆ ಟೊಪ್ಪಿಗೆಯವರನ್ನು ಕಂಡವರಲ್ಲ.

"ಫೋಟೋ ಎಲ್ಲಿ ಹಾಕ್ತಾರೆ ಅವರು?" ಎಂದು ರಾಜಹಂಸದವರು ಕೇಳಿದರು.

"ಎಲ್ಲೂ ಕಾಣಲಿಲ್ಲ."

"ಹಾಗಾದ್ರೆ ಹುಷಾರು. ತೆಗೆದದ್ದನ್ನ ನಾಲ್ಕು ಜನಕ್ಕೆ ತೋರಿಸದೆ ಇರೋ ಹವ್ಯಾಸಿ ನಾನಂತೂ ನೋಡಿಲ್ಲ."

ನಾನೂ ನೋಡಿರಲಿಲ್ಲ. ಟೇಪಿನ ಬಗ್ಗೆ ಮಾತ್ರ ಗಾಡಿಯಾಕೆ ನಕ್ಕಳು. ಕಳ್ಳರ ಕಣ್ಣು ಬೀಳಬಾರದೆಂದು ತಾನೂ ಅಂಟಿಸಿದ್ದೇನೆಂದು ತೋರಿಸಿದಳು. ಆದರೆ ಆಕೆಯ ಟೇಪು ಹೆಸರನ್ನು ಅರ್ಧ ಮಾತ್ರ ಮುಚ್ಚಿತ್ತು.

ಮಾರ್ಚಿ 10ರಂದು ನಾನೇ ಅವರ ಬಳಿ ಹೋಗಿ ಏನು ತೆಗೆಯುತ್ತಿದ್ದೀರೆಂದು ಮರಾಠಿಯಲ್ಲಿ ಕೇಳಿದೆ. "ಚಿಮಣ್ಯಾ," ಎಂದರು. ಗುಬ್ಬಿಗಳು. ದೊಡ್ಡವ್ವನ ಬಾಗಿಲ ಮೇಲೆ ತಗಡಿಗೂ ತೊಲೆಗೂ ನಡುವಿನ ಸಂದಿಯಲ್ಲಿ ಗುಬ್ಬಿಗಳು ಹುಲ್ಲು ತುಂಬುತ್ತಿದ್ದದ್ದು ನಿಜ. ಎಂಟು ಗಂಟೆಗೆ ಸೂರ್ಯ ಕಾಲುವೆಯ ಏರಿ ದಾಟಿದ ಕೂಡಲೇ ಬಿಸಿಲು ನೇರ ಅಲ್ಲಿಗೆ ಬೀಳುವುದೂ ನಿಜ. ತೋರಿಸುತ್ತೀರಾ ಎಂದೆ. ಅವರು ಕ್ಯಾಮೆರಾ ಆಫ್ ಮಾಡಿ, "ಇನ್ನೂ ಸರಿ ಬಂದಿಲ್ಲ," ಎಂದು ಲೆನ್ಸಿಗೆ ಮುಚ್ಚಳ ಹಾಕಿದರು.

ಹೋಗಿ ಹೇಳಿದಾಗ ದೊಡ್ಡವ್ವನ ಪಕ್ಕದ ಮನೆಯಾಕೆ ಕೊಡ ಕೆಳಗಿಟ್ಟು ನಕ್ಕಳು. "ಗುಬ್ಬಿ ನೋಡಾಕ ಅಷ್ಟುದ್ದ ತೋಪು ಬೇಕೇನು? ಅವನ ಮನಿಯಾಗ ಗುಬ್ಬಿ ಇಲ್ಲಂತೇನು?"

"ಗುಬ್ಬಿ ಹೆಸರ್ಲೆ ಮನಿ ಎಣಸ್ತಾನ," ಎಂದಳು ದೊಡ್ಡವ್ವ. "ಟೊಪಗಿ ನೋಡು, ಕುರಿ ಕಾಯೂ ನಮ್ಮ ಮಾವನ ಟೊಪಗಿ ಇದ್ದಂಗ ಅದ."

ಇಷ್ಟನ್ನೂ ಅವರಿಗೆ ಕೇಳುವಂತೆಯೇ ಹೇಳುತ್ತಿದ್ದರು. ಕನ್ನಡ ಯಾರಿಗೆ ತಿಳಿಯುತ್ತದೆಂಬ ಧೈರ್ಯ. ನಾನೂ ನಗುತ್ತಿದ್ದೆ, ಮತ್ತು ಗುಬ್ಬಿಯ ಮಾತನ್ನು ನಂಬಿರಲಿಲ್ಲ.

ಮೇ ಕೊನೆಯವರೆಗೆ ಹದಿನೈದು ಭಾನುವಾರ. ಹನ್ನೊಂದರಲ್ಲಿ ಅವರು ಬಂದದ್ದಕ್ಕೆ ನನ್ನ ಡೈರಿಯಲ್ಲಿ ಗೀಟು ಇದೆ. ಮೊದಮೊದಲು ದೊಡ್ಡವ್ವ ಅವರನ್ನು ಕಂಡೊಡನೆ ಬೀಗ ಹಾಕುತ್ತಿದ್ದಳು. ಆದರೆ ಎಂಟು ಗಂಟೆ ಅವಳ ರೊಟ್ಟಿಯ ಹೊತ್ತು. ಬರಬರುತ್ತ ಬೇಸತ್ತು ತನ್ನ ಹೊಸ್ತಿಲಲ್ಲೇ ಕುಳಿತು ಬಡಿಯತೊಡಗಿದಳು. ಸಿಟ್ಟು ಮಾತ್ರ ಒಳಗೇ ಬೆಳೆಯುತ್ತಿತ್ತು.

ಜೂನ್ 2ರಂದು ಅವರು ಎರಡು ಹೆಜ್ಜೆ ಹತ್ತಿರ ಬಂದರು. ದೊಡ್ಡವ್ವ ಎದ್ದು, ಹಿಟ್ಟಿನ ಪರಾತ ತೊಳೆದ ನೀರನ್ನು ಅವರ ಕಾಲ ಮೇಲೆ ಎರಚಿದಳು. ಸಾಲಿನ ಗಂಡಸರಿಬ್ಬರು ಬಂದು ಕ್ಯಾಮೆರಾಕ್ಕೆ ಕೈ ಹಾಕಿದರು. ಫೋಟೋ ಅಳಿಸು ಎಂದು ಹಿಂದಿಯಲ್ಲಿ ಜಬರಿಸಿದರು. ಆ ಮನುಷ್ಯ ಕ್ಯಾಮೆರಾವನ್ನು ಎದೆಗವಚಿಕೊಂಡು ಹಿಂದೆ ಸರಿಯುತ್ತ ಹೇಳಿದರು:

"ತಡೀರಿ ಯವ್ವಾ. ಮರಿ ಹಾರೂ ತನಕಾ ತಡೀರಿ."

ಅದು ಸಾಲಿನವರದೇ ಕನ್ನಡ. ಇಷ್ಟು ದಿನ ಟೊಪ್ಪಿಗೆ, ಮಾವ, ತೋಪು ಎಲ್ಲವನ್ನೂ ಅವರು ಕೇಳಿಸಿಕೊಂಡಿದ್ದರು. ಇದರಿಂದ ನಮ್ಮ ಅನುಮಾನ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನಮ್ಮ ಮಾತು ಬರುವವನು ಇಷ್ಟು ದಿನ ಬಾಯಿ ಮುಚ್ಚಿ ನಿಂತದ್ದೇಕೆ? "ನಮ್ಮವನಾಗಿ ಕದ್ದು ಕೇಳ್ತಿದ್ದ ನೋಡು," ಎಂದು ಪಕ್ಕದಾಕೆ ಕೂಗಿದಳು. ಅವರು ಹೋದರು, ಮತ್ತೆ ಬರಲಿಲ್ಲ. ಲೆನ್ಸಿನ ಮುಚ್ಚಳ ಕೆಸರಿನಲ್ಲಿ ಬಿದ್ದಿತ್ತು. ದೊಡ್ಡವ್ವ ಅದನ್ನು ತೊಳೆದು, ರೊಟ್ಟಿಗೆ ನಂಜಿಕೊಳ್ಳುವ ಖಾರದ ಹಿಂಡಿಯ ಬಟ್ಟಲಿಗೆ ಮುಚ್ಚಿದಳು; ಅಳತೆ ಮಾಡಿಸಿದಂತೆ ಕೂತಿತು.

ಮಳೆಗಾಲ ಮುಗಿದ ಮೇಲೆ ಸರಕಾರದ ನಿಜವಾದ ಸರ್ವೆ ಬಂತು. ಮನೆಯ ಮುಂದೆ ಮನೆಯವರನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ, ಫೋಟೋದಲ್ಲಿ ಇದ್ದವರಿಗೆ ಹೊಸ ಕಟ್ಟಡದಲ್ಲಿ ಒಂದು ಖೋಲಿ ಸಿಗುತ್ತದೆ ಎಂಬ ಸುದ್ದಿ ಮೊದಲೇ ಹಬ್ಬಿತ್ತು. ಸಾಲಿನವರೆಲ್ಲ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತರು. ದೊಡ್ಡವ್ವ ಮಾತ್ರ ನಂಬಲಿಲ್ಲ. ಕ್ಯಾಮೆರಾ ಕಂಡದ್ದೇ ಬೀಗ ಹಾಕಿ, ಕಾಲುವೆಯ ಏರಿಯ ಆಚೆ ಹೋಗಿ ಕುಳಿತಳು. ಸರ್ವೆಯವರು ಅವಳ ಬಾಗಿಲ ಮೇಲೆ ಬರೆದದ್ದು ಒಂದೇ ಮಾತು: ಬಂದ್. ಬಂದ್ ಮನೆಯೆಂದರೆ ಅವರ ಲೆಕ್ಕದಲ್ಲಿ ಯಾರೂ ವಾಸವಿಲ್ಲ.

ಅವಳನ್ನು ಕರೆದುಕೊಂಡು ಸರ್ವೆಯ ಕಚೇರಿಗೆ ಹೋದೆ. ಗುಮಾಸ್ತರು ಸಿಡುಕಲಿಲ್ಲ. ಗುರುತಿನ ಚೀಟಿಯಲ್ಲಿ ಊರಿನ ವಿಳಾಸ, ಕರೆಂಟು ಪಕ್ಕದ ಮನೆಯ ಮೀಟರಿನದು. ಸರ್ವೆಗೆ ಮೊದಲೇ ಅಲ್ಲಿ ವಾಸವಿದ್ದದ್ದಕ್ಕೆ ಮನೆಯೂ ಅವಳೂ ಕಾಣುವ, ತಾರೀಖಿರುವ ಒಂದು ಫೋಟೋ ಆದರೂ ತನ್ನಿ ಎಂದರು. ನನ್ನ ಡೈರಿ ತೋರಿಸಿದೆ. "ಇದನ್ನು ನೀವು ನಿನ್ನೆ ರಾತ್ರಿ ಕೂತು ಬರೆದಿರಬಹುದಲ್ಲ?" ಎಂದರು. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ. ಸಾಲಿನವರ ಮೊಬೈಲುಗಳನ್ನೆಲ್ಲ ಜಾಲಾಡಿದೆವು. ಕ್ಯಾಮೆರಾ ಎತ್ತಿದಾಗಲೆಲ್ಲ ಅವಳು ಎದ್ದು ಹೋಗಿದ್ದಾಳೆ.

ಅಂದು ಕಚೇರಿಯಿಂದ ಬರುವ ದಾರಿಯಲ್ಲೇ ದೊಡ್ಡವ್ವ ತಾನಾಗಿಯೇ ಅಂದಿದ್ದಳು: "ಆ ಟೊಪಗಿಯಾಂವ ನನ್ನ ಹೊಡಕೊಂಡಿರಬೇಕಲ್ಲ?"

ಹೊಡೆದುಕೊಂಡಿರಬಹುದು. ಆದರೆ ಅಂಥ ಲೆನ್ಸಿನಲ್ಲಿ ಗುಬ್ಬಿಯ ಕಣ್ಣು ಸ್ಪಷ್ಟವಾಗಿ ಬಂದರೆ ಕೆಳಗೆ ಕುಳಿತವಳು ಬರೀ ಹಸಿರು ಸೀರೆಯ ಮಸುಕಾಗಿರುತ್ತಾಳೆ. ನನ್ನ ಆಸೆ ಬೇರೆ. ಗೂಡು ಹುಡುಕಿದವರು ಜಾಗದ ನೆನಪಿಗೆಂದು ಮೊದಲು ಒಂದು ಅಗಲದ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ, ನಾನೂ ಹಾಗೇ ಮಾಡುತ್ತೇನೆ. ಅದರಲ್ಲಿ ಬಾಗಿಲು, ಹಂಚು, ಅವಳು ಎಲ್ಲ ಇರಬೇಕು. ಅವರು ನಿಜವಾಗಿ ಗುಬ್ಬಿಗೇ ಬಂದವರಾಗಿದ್ದರೆ. ಮನೆ ಎಣಿಸಲು ಬಂದವರಾಗಿದ್ದರೂ ಚಿಂತೆಯಿಲ್ಲ, ಆಗ ಬಾಗಿಲು ಇನ್ನೂ ಚೆನ್ನಾಗಿ ಬಂದಿರುತ್ತದೆ. ಅವರು ಯಾರೆಂಬ ಅನುಮಾನ ನನಗೆ ಇಂದಿಗೂ ಹೋಗಿಲ್ಲ.

ನಮ್ಮ ಗುಂಪಿಗೆ, ಕ್ಯಾಮೆರಾ ರಿಪೇರಿಯವರಿಗೆ, ಹಕ್ಕಿ ನೋಡುವವರಿಗೆ ಕೇಳಿ ಆಯಿತು, ಯಾರಿಗೂ ಅವರು ಗೊತ್ತಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪುಣೆಯಲ್ಲಿರುವ, ಉತ್ತರದ ಕಡೆಯ ಕನ್ನಡ ಆಡುವ, ಹೆಸರು ಪೂರ್ತಿ ಮುಚ್ಚಿದ ಕ್ಯಾಮೆರಾದಲ್ಲಿ ಗುಬ್ಬಿಗಳನ್ನು ತೆಗೆಯುವ, ತೆಗೆದದ್ದನ್ನು ಯಾರಿಗೂ ತೋರಿಸದ ಒಬ್ಬರು ನಿಮಗೆ ಗೊತ್ತಿದ್ದರೆ, ಈ ಬರಹವನ್ನು ಅಚ್ಚು ಹಾಕಿದವರ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಮರಿಗಳು ಜೂನ್ 9ಕ್ಕೆ ಹಾರಿಹೋದವೆಂದು ಅವರಿಗೆ ತಿಳಿಸಿ. ಮುಚ್ಚಳವನ್ನು ದೊಡ್ಡವ್ವ ತಿಕ್ಕಿ ಇಟ್ಟಿದ್ದಾಳೆ, ಹಿಂಡಿಯ ವಾಸನೆ ಮಾತ್ರ ಪೂರ್ತಿ ಹೋಗಿಲ್ಲ.