ಇಳಿಯುವ ಮಡಿ

ಇವತ್ತು ಬೆಳಿಗ್ಗೆ ಚೀಲದ ಬಾಯಿ ಬಿಚ್ಚಿದೆ. ಒಣಗಿದ ಸರ್ವೆ ತರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಜಗಲಿಯ ಮೇಲೆ ಕೂತುಬಿಟ್ಟೆ. ನಿಮಗೂ ಹೀಗಾಗುತ್ತದಲ್ಲ, ಕೈಯಲ್ಲಿ ಕೆಲಸವಿರುತ್ತದೆ, ಮನಸ್ಸು ಮಾತ್ರ ಯಾರದೋ ಪಕ್ಕ ಹೋಗಿ ಕೂತಿರುತ್ತದೆ.

ಗಿಡದ ಬುಡಕ್ಕೆ ತರಗು ಹೊದಿಸುವುದಕ್ಕೆ ಈಗಿನವರು ಮಲ್ಚಿಂಗ್ ಎನ್ನುತ್ತಾರೆ. ಮೊಬೈಲಿನಲ್ಲಿ ಪೈನ್ ಮರದ ಎಲೆ ಹಾಸಿ ತೋರಿಸುತ್ತಾರೆ. ಸಖರಾಯಪಟ್ಟಣದ ನಮ್ಮ ತೆಂಗಿನ ತೋಟಕ್ಕೆ ಪೈನ್ ಎಲ್ಲಿಂದ ಬರಬೇಕು? ಬೇಲಿ ಸಾಲಿನ ಸರ್ವೆ ಮರಗಳು ಉದುರಿಸುವ ಸೂಜಿಯಂಥ ತರಗೇ ನಮಗೆ ಗತಿ. ನಮ್ಮತ್ತೆ ಕನಕಾಂಬರದ ಮಡಿಗೆ ಮೊದಲು ತಿಪ್ಪೆಗೊಬ್ಬರ ಹರಡಿ, ಅದರ ಮೇಲೆ ಈ ತರಗು ಹೊದಿಸುತ್ತಿದ್ದರು. "ಮಣ್ಣನ್ನ ಬರಿಮೈಲಿ ಬಿಡಬಾರ್ದು ಕಣೇ" ಎನ್ನುವರು. "ತೇವ ಆರದಿರಲೆಂದು ಹೊದಿಸುವುದು, ಅತ್ತೆ" ಎಂದು ನಾನು ಬಿ.ಎಸ್ಸಿ. ಓದಿದ ಜಂಬದಲ್ಲಿ ತಿದ್ದುತ್ತಿದ್ದೆ. ಅವರ ಗಿಡ ಮಾತ್ರ ನನ್ನ ಗಿಡಕ್ಕಿಂತ ಎರಡು ಪಾಲು ಹೂ ಬಿಡುತ್ತಿತ್ತು, ಆ ಮಾತು ಬಿಡಿ.

ಅವರು ಹೋದ ದಿನದ ಸಂಗತಿಯನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಮಧ್ಯಾಹ್ನ ನಾನು ಹಿತ್ತಲಲ್ಲಿ ಗೊಬ್ಬರ ಮಗುಚುತ್ತಿದ್ದೆ. ಎರಡು ದಿನದಿಂದ ಜ್ವರವೆಂದು ಮಲಗಿದ್ದ ಅತ್ತೆ ಒಳಗಿನಿಂದ ಕೂಗಿದರು.

"ಲೇ, ಸ್ವಲ್ಪ ಬಾರೇ ಇಲ್ಲಿ. ಒಂದ್ಮಾತು ಹೇಳ್ಬೇಕು."

"ಬತ್ತೀನಿ ಇರಿ" ಎಂದೆ. ಕೈಯೆಲ್ಲ ಗೊಬ್ಬರ, ಇನ್ನೂ ಅರ್ಧ ಗುಡ್ಡೆ ಬಾಕಿ. ನೀರು ಕೇಳಲಿಕ್ಕಿರಬೇಕು, ಇಲ್ಲವೇ ಬೈಯಲಿಕ್ಕಿರಬೇಕು ಅಂದುಕೊಂಡೆ. ಎಲ್ಲ ಮುಗಿಸಿ ಕೈ ತೊಳೆದು ಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ಮುಖ ಬಾಗಿಲ ಕಡೆಗೇ ತಿರುಗಿತ್ತು.

ನಮ್ಮವರಲ್ಲಿ ಸತ್ತವರನ್ನು ಸ್ವಂತ ತೋಟದಲ್ಲೇ ಕೂರಿಸಿ ಮಣ್ಣು ಮಾಡುತ್ತಾರೆ. ಅತ್ತೆಯನ್ನು ಸರ್ವೆ ಸಾಲಿನ ಕೆಳಗೆ ಕೂರಿಸಿದೆವು. ಮೊದಲ ಮಳೆಗೇ ಮಣ್ಣು ಕುಸಿಯಿತು. ಕೂರಿಸಿದ ಗುಣಿ ಕುಸಿಯುವುದು ಸಹಜ. ಆದರೆ ನೋಡಲು ಬಂದ ಪಕ್ಕದ ತೋಟದ ಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಮಣ್ಣು ಇಳೀತು ಅಂದ್ರೆ ಒಳಗಿರೋರ್ಗೆ ಏನೋ ಹೇಳೋದು ಉಳ್ಕಂಡೈತೆ ಅಂತ ಕಣವ್ವ" ಎಂದಳು. ಅವಳಿಗೆ ಆ ಕೂಗಿನ ವಿಷಯ ಗೊತ್ತೇ ಇರಲಿಲ್ಲ.

ಅವತ್ತೇ ನಾಲ್ಕು ಬುಟ್ಟಿ ಗೊಬ್ಬರ ಸುರಿದು ಸಮ ಮಾಡಿದೆ, ಕನಕಾಂಬರ ನೆಟ್ಟು ತರಗು ಹೊದಿಸಿದೆ. ಮರುವರ್ಷ ಮತ್ತೆ ಇಳಿಯಿತು, ಮತ್ತೆ ತುಂಬಿದೆ. ಗೊಬ್ಬರ ಕೊಳೆತರೆ ಇಳಿಯಲೇಬೇಕಲ್ಲ ಎಂದು ಗಂಡನಿಗೆ ಪಾಠ ಹೇಳಿದೆ. ಆದರೆ ಮನೆ ಮುಂದಿನ ಮಡಿಗೂ ಅದೇ ಗೊಬ್ಬರ, ಅಷ್ಟೇ ಬುಟ್ಟಿ. ಅದು ಇಳಿದರೆ ಎರಡು ಬೆರಳು, ಇದು ಒಂದು ಮೊಳ. ಹೀಗೇ ಐದಾರು ವರ್ಷ. ಬುಟ್ಟಿ ಸುರಿಯುವಾಗಲೆಲ್ಲ ಅವರ ಬಾಯಿಗೇ ಗೊಬ್ಬರ ತುರುಕುತ್ತಿದ್ದೇನೆ ಅನ್ನಿಸುತ್ತಿತ್ತು. ನಿಜ ಹೇಳಲೇ? ನನಗೆ ಹೆದರಿಕೆಯಿತ್ತು. ಅವರು ಹೇಳಬೇಕೆಂದಿದ್ದದ್ದು ಬೈಗುಳವಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅದು ಒಳ್ಳೆಯ ಮಾತಾಗಿದ್ದರೆ?

ಈ ಸಲ ಗೊಬ್ಬರ ಒಯ್ಯಲಿಲ್ಲ. ಜಗಲಿಯಿಂದೆದ್ದು ತರಗಿನ ಚೀಲವನ್ನಷ್ಟೇ ಹೊತ್ತು ಹೋದೆ. ಪುಷ್ಯದ ಚಳಿ, ತೆಂಗಿನ ಗರಿಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಗಾಳಿಯಿಲ್ಲದ ಹೊತ್ತಿನಲ್ಲೂ ಸುಂಯ್ ಎನ್ನುವ ಸರ್ವೆ ಮರಗಳು ಸುಮ್ಮನಿದ್ದವು. ಕುಳಿಯಲ್ಲಿ ಹಳೆಯ ತರಗನ್ನು ಸರಿಸಿ ಅಂಗೈ ಊರಿದೆ. ಬೆಚ್ಚಗಿತ್ತು. ಹಸಿ ಗೊಬ್ಬರ ಕಾವು ಕೊಡುತ್ತದೆ, ಒಪ್ಪಿದೆ. ಅಲ್ಲಿಗೆ ಗೊಬ್ಬರ ಬಿದ್ದು ವರ್ಷವಾಗಿತ್ತು.

ಕೈ ತೆಗೆಯಲಿಲ್ಲ. ಕಾಫಿ ಆರುತ್ತದೆ ಎಂದು ಗಂಡ ಮನೆಯಿಂದ ಕೂಗಿದರು. ಅಲ್ಲೇ ಮಂಡಿಯೂರಿ, ಕಿವಿ ತಗ್ಗಿಸಿ, "ಹೇಳಿ ಅತ್ತೆ" ಎಂದೆ.

ಅಂಗೈ ಕೆಳಗೆ ಮಣ್ಣು ಮೆಲ್ಲಗೆ ಇನ್ನಷ್ಟು ಇಳಿಯಿತು.