ಬುರಾನಸಾಬರ ಪಾವಟಿಗೆ

ಬೈಲಹೊಂಗಲದಲ್ಲಿ ಬೆಳಗಿನ ಐದು ಗಂಟೆ. ಐವತ್ತೆಂಟರ ಬುರಾನಸಾಬರು ಬಸ್ಸಿನ ಮುಂದಿನ ಗಾಜು ಒರೆಸಿ, ಗಾಲಿಗಳಿಗೆ ಒಂದೊಂದು ಒದೆ ಕೊಟ್ಟು ನೋಡಿ, ಬಾಗಿಲಲ್ಲಿ ನಿಲ್ಲುತ್ತಾರೆ. ಒಳಗೆ ನಲವತ್ತೆರಡು ಮಂದಿ ಬೋಧಗಯೆಗೆ ಹೊರಟಿದ್ದಾರೆ. ಬಸ್ಸು ಬಿಡುವ ಮೊದಲು ಡ್ರೈವರ್ ಸಾಹೇಬರ ಕಥೆ ಆಗಲೇಬೇಕು.

"ರಾಜನ ಮಗ ರೀ ಅಂವಾ. ಅರಮನಿ ಬಿಟ್ಟ ಬಂದು ಅರಳಿ ಗಿಡದ ಬುಡಕ ಕುಂತ. ಖರೇ ಏನಂತ ಗೊತ್ತ ಆಗೂತನಾ ಏಳೂದಿಲ್ಲ ಅಂದ. ಗೊತ್ತ ಆತು, ಬುದ್ಧ ಆದ. ಮುಂದ ಅಶೋಕ ಅಲ್ಲೊಂದು ಗುಡಿ ಕಟ್ಟಿಸಿದ. ಹಳೀ ಗಿಡ ಬಿತ್ತು, ಅದರದ ಸಸಿ ಹಚ್ಚಿದ್ರು. ಈಗ ಇರೂದು ಅದರ ಮರಿಮೊಮ್ಮಗ."

ಎಷ್ಟೇ ದೊಡ್ಡ ಮರವನ್ನೂ ಗಿಡ ಎನ್ನುವ ಸೀಮೆಯಿದು. ನನ್ನಂಥ ಮೈಸೂರಿನವನು ತಿದ್ದಲು ಹೋಗದೆ ಸುಮ್ಮನೆ ಕೇಳಬೇಕು.

ಸಂಪಗಾಂವದ ಬುರಾನಸಾಬರು ಮೊದಲು ಕಲ್ಲಿನ ಲಾರಿ ಓಡಿಸುತ್ತಿದ್ದರು. ಬೆನ್ನು ಕೈಕೊಟ್ಟಿತು, ಬಸ್ಸಿಗೆ ಬಂದರು. ಹನ್ನೊಂದು ವರ್ಷದಿಂದ ಪ್ರತಿ ಚಳಿಗಾಲ ಈ ಯಾತ್ರೆ; ದಿನಕ್ಕೆ ಆರುನೂರು ಕಿಲೋಮೀಟರ್ ದಾರಿ. ಕಥೆ ಕಲಿಸಿದ್ದು ಮೊದಲ ವರ್ಷ ಬಂದಿದ್ದ ಪರಸಪ್ಪ ಮಾಸ್ತರರು.

ಇಷ್ಟೆಲ್ಲ ಹೇಳುವ ಮನುಷ್ಯ ಹೋದ ವರ್ಷದವರೆಗೆ ಆ ಗುಡಿಯನ್ನೇ ನೋಡಿರಲಿಲ್ಲ ಎಂದರೆ ನಂಬುತ್ತೀರಾ? ಜನ ಒಳಗೆ ಹೋದರೆ ಹಾಸಿಗೆ, ಪಾತ್ರೆ ಕಾಯುತ್ತ ಇವರು ಬಸ್ಸಿನಲ್ಲೇ.

"ಒಳಗ ಮೊಬೈಲ್ ಬಿಡೂದಿಲ್ರಿ. ಎಲ್ಲಾರ ಫೋನೂ ನನ್ನ ಚೀಲದಾಗ. ಹೆಂಗ ಬಿಟ್ಟ ಹೋಗ್ಲಿ? ಆದ್ರ ಕಥಿ ಹೇಳಿದಾಗೊಮ್ಮೆ ಅನಸ್ತಿತ್ತು, ನಾ ಹೇಳೂದು ಸುಳ್ಳ ಆದ್ರ?"

ಹೋದ ವರ್ಷ, ನಾಲ್ಕನೇ ಸಲ ಬಂದಿದ್ದ ಸವದತ್ತಿಯ ಸುಂದರವ್ವ ಬಸ್ಸಿನ ಬಾಗಿಲಲ್ಲೇ ಕೂತುಬಿಟ್ಟರು. "ಅಣ್ಣಾರ, ಆ ಚೀಲ ಇಲ್ಲಿ ಕೊಡ್ರಿ. ಇವತ್ತ ನಾ ಕಾಯತೇನಿ, ನೀವ ಹೋಗ್ರಿ."

ಬುರಾನಸಾಬರು ಹೋದರು. ಗುಡಿ ಕಂಡದ್ದೇ ನಿಂತುಬಿಟ್ಟರು. ಹತ್ತು ವರ್ಷ "ಪಾವಟಿಗಿ ಹತ್ತಿ ಹೋಗ್ರಿ, ಮೊಣಕಾಲ ಜ್ವಾಕಿ" ಎಂದೇ ಕಥೆ ಮುಗಿಸಿದ್ದರು. ಯಲ್ಲಮ್ಮನ ಗುಡ್ಡದ ಸೀಮೆಯವರಿಗೆ ಗುಡಿ ಎಂದರೆ ಹತ್ತುವುದೇ. ಇಲ್ಲಿ ಮೆಟ್ಟಿಲುಗಳು ಕೆಳಗೆ ಇಳಿಯುತ್ತಿದ್ದವು.

ಮರದ ನೆರಳಲ್ಲಿ ಒಂದು ತಾಸು ಕೂತು, ಕಣ್ಣೊರೆಸಿಕೊಂಡು, ನೇರ ಬಸ್ಸಿಗೆ ಬಂದರು. "ತಂಗಿ, ಅದು ಇಳಿಯೂದ ಐತಲ್ಲ. ಯಾಕ ಹೇಳಲಿಲ್ಲ?"

"ನೀವು ಅಷ್ಟ ಚಂದ ಹೇಳತಿದ್ರಿ. ನಡುವ ಬಾಯಿ ಹಾಕಾಕ ಮನಸ್ಸ ಬರಲಿಲ್ರಿ," ಎಂದರು ಸುಂದರವ್ವ.

ಹತ್ತು ವರ್ಷ, ನಾಲ್ಕುನೂರು ಯಾತ್ರಿಕರು. ಒಬ್ಬರಿಗೂ ಮನಸ್ಸು ಬಂದಿರಲಿಲ್ಲ. ಅವತ್ತು ಬಸ್ಸಿಗೆ ಬಸ್ಸೇ ನಕ್ಕಿತಂತೆ, ಎಲ್ಲರಿಗಿಂತ ಜೋರಾಗಿ ಬುರಾನಸಾಬರು.

ಈಗ ಬೆಳಕು ಹರಿದಿದೆ. ಸುಂದರವ್ವ ಈ ಸಲವೂ ಮುಂದಿನ ಸೀಟಿನಲ್ಲಿದ್ದಾರೆ. ಬುರಾನಸಾಬರು ಸ್ಟೇರಿಂಗ್ ಹಿಡಿದು, ಹಿಂದಕ್ಕೆ ತಿರುಗಿ ಕಥೆಯ ಕೊನೆ ಹೇಳುತ್ತಾರೆ.

"ಪಾವಟಿಗಿ ಇಳದ ಹೋಗ್ರಿ, ಮೊಣಕಾಲ ಜ್ವಾಕಿ. ಉಳದದ್ದೆಲ್ಲಾ ಹೇಳಿದಂಗ ಐತಿ. ನಾ ನೋಡೇನಿ."