ತೂತು ಕೊರೆಯದ ಗಿಟಾರ್

ಮೊನ್ನೆ ಕೌದಳ್ಳಿಯ ಮೊಬೈಲ್ ಅಂಗಡಿಯಲ್ಲಿ ಯಾರೋ ಬೆಸುಗೆ ಹಾಕುತ್ತಿದ್ದರು. ಕಾದ ರಾಳದ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತೇಹೋಯಿತು. ಕೊಳ್ಳೇಗಾಲದ ನಮ್ಮ ಎದುರುಮನೆಯ ಅಣ್ಣ ನೆನಪಾದರು...

ಅವರು ರೇಷ್ಮೆ ಸೀರೆ ನೇಯುವವರು. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ನನ್ನದು ಆಗಲೂ ಈಗಲೂ ಮೈಕ್ ಸೆಟ್ ಅಂಗಡಿ. ಮದುವೆಗೂ ಭಾಷಣಕ್ಕೂ ಅದೇ ಸ್ಪೀಕರ್ ಕಟ್ಟುವವನು. ಸಂಜೆ ಮಗ್ಗದಿಂದ ಎದ್ದ ಮೇಲೆ ಅಣ್ಣ ಗಿಟಾರ್ ಹಿಡಿಯುತ್ತಿದ್ದರು. ಪಿಟೀಲಿನ ಹಾಗೆ ಎದೆ ಉಬ್ಬಿ, ಎರಡೂ ಕಡೆ ಸೀಳುಗಂಡಿ ಇದ್ದ ಹಳೇ ಆರ್ಚ್‌ಟಾಪ್. ಅತ್ತಿಗೆಯ ತಮ್ಮ ನುಡಿಸುತ್ತಿದ್ದದ್ದು. ಅವನು ಚಿಕ್ಕ ವಯಸ್ಸಿಗೇ ತೀರಿಹೋಗಿದ್ದ. ದಿನಾ ಅದನ್ನು ಕೇಳದೆ ಅತ್ತಿಗೆ ಒಲೆ ಹಚ್ಚುತ್ತಿರಲಿಲ್ಲ.

ಬರಬರುತ್ತ ಅತ್ತಿಗೆಯ ಕಿವಿ ಮಂದವಾಯಿತು. ಪಕ್ಕದಲ್ಲೇ ಕೂತರೂ ಗಿಟಾರ್ ಕೇಳಿಸದು. ಒಂದು ದಿನ ಅಣ್ಣ ಗಿಟಾರ್ ಹಿಡಿದು ನನ್ನ ಅಂಗಡಿಗೆ ಬಂದರು.

"ಇದುಕ್ಕೊಂದು ಪಿಕಪ್ ಆಕ್ಕೊಡು. ಎಡ್‌ಫೋನಲ್ಲಾದ್ರೂ ಅವ್ಳಿಗೆ ಕೇಳ್ಬೋದೇನೋ."

ಪಿಕಪ್ ಎಂದರೆ ವಾದ್ಯದ ಸದ್ದು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಪುಟ್ಟ ಸಾಧನ. ಎರಡು ತೂತು ಕೊರೆದು ಸ್ಕ್ರೂ ಬಿಗಿದರೆ ಆಯಿತು ಎಂದೆ. ಅವರ ಮುಖ ಸಪ್ಪಗಾಯಿತು. "ತಮ್ಮನ್ ಗಿಟಾರು ಕಣಪ್ಪ. ಒಂದ್ ಮೊಳೆನೂ ಬೀಳ್ಬಾರ್ದು ಅಂದವ್ಳೆ."

ಸರಿ, ಮರಕ್ಕೆ ಅಂಟಿಸುವ ಪಿಕಪ್ ತಂದೆ. ಅದು ಮರದ ಅದುರನ್ನು ಹಿಡಿಯುವಂಥದ್ದು. ಅವರ ಮನೆಯಲ್ಲಿ ಅಂಟಿಸಿ ನೋಡಿದರೆ, ಒಳಗೆ ಅವರ ಮಗ ನೇಯುತ್ತಿದ್ದ ಮಗ್ಗದ ಏಟು ನೆಲದಿಂದ ಹತ್ತಿ ಬಂದು, ಹಾಡಿಗಿಂತ ಜೋರಾಗಿ ದಡಬಡ ಎಂದಿತು. ಒಳ್ಳೇ ಕಥೆಯಾಯಿತಲ್ಲ ಎಂದು ತಲೆ ಕೆಟ್ಟಿತು ನನಗೆ. ನೇಕಾರರ ಮನೆಯಲ್ಲಿ ಮಗ್ಗ ನಿಲ್ಲಿಸಿ ಎನ್ನಲಾಗುತ್ತದೆಯೇ? ಕೊನೆಗೆ ಮೈಸೂರಿನಿಂದ ತೇಲುವ ಪಿಕಪ್ ತರಿಸಿದೆ. ಅದರೊಳಗಿನ ಆಯಸ್ಕಾಂತ ಉಕ್ಕಿನ ತಂತಿಯ ಮಾತನ್ನಷ್ಟೇ ಕೇಳುತ್ತದೆ, ಮಗ್ಗದ ಗೊಡವೆ ಅದಕ್ಕಿಲ್ಲ. ತಂತಿಯ ಕೆಳಗೆ, ಮರಕ್ಕೆ ತಾಗದ ಹಾಗೆ, ಗೀರು ಬೀಳದಿರಲೆಂದು ಗಿಟಾರಿನ ಪಕ್ಕದಲ್ಲಿ ಎತ್ತರಿಸಿ ಕೂರಿಸಿದ್ದ ಪ್ಲಾಸ್ಟಿಕ್ ತಟ್ಟೆಯ ಅಂಚಿಗೆ ಅದನ್ನು ಕಟ್ಟಬೇಕು. ಬೆಸುಗೆ ನನ್ನದು, ಕಟ್ಟುವುದು ಅವರದು ಎಂದಾಯಿತು.

ಹೊಸ ವಸ್ತು ಏನು ಬಂದರೂ ಒಂದೆಳೆ ಜರಿ ಸುತ್ತುವುದು ಅವರ ಮನೆಯ ಪದ್ಧತಿ. ಪಿಕಪ್ಪನ್ನೂ ಅಣ್ಣ ಜರಿಯಲ್ಲೇ ಬಿಗಿದರು. ಅತ್ತಿಗೆಗೆ ಹೆಡ್‌ಫೋನ್ ಹಾಕಿ ನುಡಿಸಿದರು. ಅತ್ತಿಗೆ ಅವರ ಬೆರಳುಗಳನ್ನೇ ನೋಡುತ್ತ ಕೂತರು.

"ಏನೂ ಕೇಳ್ನಿಲ್ಲ," ಎಂದರು.

ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಅತ್ತಿಗೆ ಇಲ್ಲವೆಂದು ತಲೆಯಾಡಿಸಿದರು. ಅಣ್ಣ ಗಿಟಾರ್ ಕೆಳಗಿಟ್ಟು, "ಬುಡು... ಕಿವಿ ಪೂರ್ತಿ ಓಗ್ಬುಟ್ಟದೆ ಅವ್ಳ್ದು," ಎಂದು ಗೋಡೆ ಕಡೆ ತಿರುಗಿದರು.

ಹೆಡ್‌ಫೋನ್ ಎತ್ತಿಡುವಾಗ ಅಭ್ಯಾಸಬಲದಿಂದ ಕಿವಿಗಿಟ್ಟುಕೊಂಡು ತಂತಿ ಮೀಟಿದೆ. ನನಗೂ ಕೇಳಲಿಲ್ಲ. ಬಗ್ಗಿ ನೋಡಿದರೆ ಜರಿ, ಬೆಸುಗೆಯ ಎರಡು ತುದಿಗಳನ್ನೂ ಮುಟ್ಟಿಕೊಂಡು ಕೂತಿದೆ. ಅಪ್ಪಟ ಬೆಳ್ಳಿ ಜರಿ. ಹಗಲೆಲ್ಲ ಅದರ ಜೊತೆ ಬಾಳುವ ಅವರಿಗೆ ಅದು ನೂಲು, ಕರೆಂಟಿಗೆ ಅದು ಲೋಹ. ಸದ್ದೆಲ್ಲ ಅಲ್ಲೇ ಶಾರ್ಟ್ ಆಗುತ್ತಿತ್ತು.

"ಅಣ್ಣ, ಅತ್ತಿಗೆ ಕಿವಿ ಓಗಿಲ್ಲ. ಜರಿ ಬಿಚ್ಚಿ," ಎಂದೆ.

ಬರೀ ರೇಷ್ಮೆ ಎಳೆಯಲ್ಲಿ ಮತ್ತೆ ಕಟ್ಟಿದರು. ನುಡಿಸಿದರು. ಅತ್ತಿಗೆ ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಕೇಳಿ, "ಮೂರ್ನೇ ತಂತಿ ಇಳ್ದದೆ. ಸರಿ ಮಾಡ್ಕಳಿ," ಎಂದರು.

ಅಣ್ಣ ತಂತಿ ಬಿಗಿಯಲಿಲ್ಲ. ಗಿಟಾರ್ ತಬ್ಬಿಕೊಂಡು ಅತ್ತುಬಿಟ್ಟರು. ಆಮೇಲೆ ಎಷ್ಟೋ ಸಂಜೆ ಅವರಿಬ್ಬರೇ ಹಾಗೆ ಕೂತಿರುತ್ತಿದ್ದರು. ಬೀದಿಗೆ ಬರೀ ಮಗ್ಗದ ಸದ್ದು...

ಹೋದ ವರ್ಷ ಅಣ್ಣ ತೀರಿಕೊಂಡರು. ಮೊನ್ನೆ ಕೌದಳ್ಳಿಯಿಂದ ಸೀದಾ ಅವರ ಮನೆಗೇ ಹೋದೆ. ಅತ್ತಿಗೆಗೆ ಏನನ್ನಿಸಿತೋ, ಗಿಟಾರ್ ತಂದು ನನ್ನ ತೊಡೆಯ ಮೇಲಿಟ್ಟು, ತಾವೇ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ನನಗೆಲ್ಲಿ ನುಡಿಸಲು ಬರುತ್ತದೆ? ಒಂದೊಂದೇ ತಂತಿ ಮೀಟಿದೆ. ಕೇಳುತ್ತದೆಯೇ ಎಂದು ಸನ್ನೆಯಲ್ಲಿ ಕೇಳಿದೆ.

"ಎಲ್ಲಾ ಕೇಳ್ತದೆ ಕಣಪ್ಪ," ಎಂದರು. ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟು, ಎದ್ದು ಒಲೆ ಹಚ್ಚಲು ಹೋದರು.